ಮುತ್ಯಾನಿಗೆ ಒಯ್ದ ಕೌದಿ

ನಮ್ಮ ಮನೆಯಲ್ಲೊಂದು ಕೌದಿ ಇದೆ, ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ. ಅದರ ನಟ್ಟನಡುವೆ ಒಂದು ಬಿಳಿ ಕಲೆ. ಸೋಡಾ ಹಾಕಿ ಕುದಿಸಿದ್ದಾಯಿತು, ನಿಂಬೆಹಣ್ಣು ತಿಕ್ಕಿದ್ದಾಯಿತು, ಬಂಡೆಗೆ ಬಡಿದು ಬಡಿದು ನನ್ನ ರಟ್ಟೆ ನೋವಾಯಿತೇ ಹೊರತು ಕಲೆ ಜಪ್ಪಯ್ಯ ಅನ್ನಲಿಲ್ಲ. ಅಂಗಳದ ಹಗ್ಗದ ಮೇಲೆ ಅದನ್ನು ಒಣಹಾಕಿದಾಗಲೆಲ್ಲ ನನ್ನ ಹೆಂಡತಿ ಶರಣಮ್ಮ ಒಮ್ಮೆ ಕಲೆಯನ್ನು ನೋಡುತ್ತಾಳೆ, ಒಮ್ಮೆ ನನ್ನನ್ನು ನೋಡುತ್ತಾಳೆ, ಏನೂ ಅನ್ನದೆ ಒಳಗೆ ಹೋಗುತ್ತಾಳೆ. ಅಂದುಬಿಟ್ಟರೆ ಒಳ್ಳೆಯದಿತ್ತು. ಆ ಕೌದಿ ಅವಳ ತಾಯಿ ಹೊಲಿದದ್ದು. ಒಳಪದರದಲ್ಲಿ ಅವರ ಮದುವೆಯ ಸೀರೆ ಇದೆಯಂತೆ. ಕಲೆ ಹಕ್ಕಿಯ ಹಿಕ್ಕೆಯದು. ಎರಡೂ ಒಂದೆಡೆ ಸೇರಿದ್ದು ಹೇಗೆ ಎಂದು ಕೇಳಿದರೆ ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ, ಆದರೂ ಪ್ರಯತ್ನ ಮಾಡುತ್ತೇನೆ.

ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕಾಲುವೆಯ ನೀರು ಗೇಜು ಪಟ್ಟಿಯ ಮೇಲೆ ದಿನಕ್ಕೆ ಎಷ್ಟು ಅಡಿ ತೋರಿಸಿತು, ಯಾವ ಗೇಟು ಎಷ್ಟು ಎತ್ತಿದರು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ರಿಜಿಸ್ಟರಿನ ಕೊನೆಯಲ್ಲಿ ಟಿಪ್ಪಣಿಗೆಂದು ‘ಷರಾ’ ಅಂತ ಒಂದು ಕಾಲಂ ಇರುತ್ತದೆ. ಉಳಿದ ಗುಮಾಸ್ತರು ಅಲ್ಲಿ ಅಡ್ಡಗೆರೆ ಎಳೆದು ಬಿಡುತ್ತಿದ್ದರು. ನನಗೆ ಖಾಲಿ ಜಾಗ ಕಂಡರೆ ಕೈ ತಡೆಯುವುದಿಲ್ಲ. ‘ಇಂದು ಗೇಜು ಪಟ್ಟಿಯ ಮೇಲೆ ಮಿಂಚುಳ್ಳಿ ಕುಳಿತಿದ್ದರಿಂದ ಅಂಕಿ ಓದಲು ಹತ್ತು ನಿಮಿಷ ತಡ’ ಎಂದು ಬರೆದೆ. ‘ಬೆಳ್ಳಕ್ಕಿ ಇಪ್ಪತ್ತು, ನೀರುಕಾಗೆ ಮೂರು’ ಎಂದು ಬರೆದೆ. ಹೊಸದಾಗಿ ಬಂದ ಸಾಹೇಬರೊಬ್ಬರು ಅದನ್ನು ಓದಿ, ನೀರುಕಾಗೆಗೆ ಎಷ್ಟು ನೀರು ಮಂಜೂರಾಗಿದೆ ಎಂದು ಲಿಖಿತ ವಿವರಣೆ ಕೇಳಿದರು. ಕೊಟ್ಟೆ. ಅವರು ಚೇಷ್ಟೆಗೆ ಕೇಳಿದ್ದರೋ ಸಿಟ್ಟಿನಲ್ಲಿ ಕೇಳಿದ್ದರೋ ನನಗೆ ಆಗಲೂ ತಿಳಿಯಲಿಲ್ಲ. ನನ್ನ ಜಾತಕದಲ್ಲೇ ಇದು ಬರೆದಿರಬೇಕು. ಮಂದಿ ನಗುತ್ತಿದ್ದಾರೋ ಇಲ್ಲವೋ ಎಂಬುದು ಅವರು ನಕ್ಕು ಮುಗಿಸಿದ ಮೇಲೆ ನನಗೆ ಗೊತ್ತಾಗುತ್ತದೆ.

ನಿವೃತ್ತನಾಗಿ ಶಹಾಪುರದ ಮನೆಯಲ್ಲಿ ಕೂತಾಗ ಕಣ್ಣಿಗೆ ಗೇಜೂ ಇಲ್ಲ, ಕೈಗೆ ಷರಾನೂ ಇಲ್ಲ. ಶರಣಮ್ಮ ಎಷ್ಟು ಹೊತ್ತಿಗೆ ಒಲೆ ಹಚ್ಚಿದಳು, ಎಷ್ಟು ಹೊತ್ತಿಗೆ ಆರಿಸಿದಳು ಎಂದು ಹೇಳಲು ಶುರುಮಾಡಿದೆ. ಎರಡು ವಾರ ತಡೆದುಕೊಂಡಳು. ಆಮೇಲೆ ಸೈದಾಪುರದಲ್ಲಿರುವ ಮಗಳಿಗೆ ಫೋನು ಮಾಡಿ, “ನಿಮ್ಮಪ್ಪಗ ಏನಾರ ಒಂದು ಕೆಲಸ ಹಚ್ಚವ್ವಾ, ಇಲ್ಲಂದ್ರ ನಾ ಹುಚ್ಚಿ ಆಗ್ತೀನಿ” ಅಂದಳು. ಮಗಳು ಅಲ್ಲಿಂದಲೇ ಏನೋ ಒತ್ತಿ ನನ್ನನ್ನು ವಾಟ್ಸಾಪಿನ ‘ಕಾಲುವೆ ಹಕ್ಕಿ ಬಳಗ’ಕ್ಕೆ ಸೇರಿಸಿದಳು. ನಮ್ಮ ಜಿಲ್ಲೆಯ ಕೆರೆ ಕಾಲುವೆಗಳ ಹಕ್ಕಿಗಳ ಚಿತ್ರ ತೆಗೆದು ಹಾಕುವವರ ಗುಂಪು ಅದು. ನಡೆಸುವವನು ಸುರಪುರದ ದರ್ಜಿ ಮಹಿಬೂಬ. ಅವನ ಬಲಗೈ ದೇವಾಪುರದ ಶಾಲೆಯ ಭೀಮರಾಯ ಮಾಸ್ತರು. ಉಳಿದವರು ಹತ್ತಿಕುಣಿಯಿಂದ ಹಿಡಿದು ಯಾದಗಿರಿಯವರೆಗೆ ಎಲ್ಲೆಲ್ಲಿಯೋ ಇರುವ ಐವತ್ತು ಅರವತ್ತು ಮಂದಿ. ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ.

ಸೇರಿದ ಮೊದಲ ದಿನವೇ ನನಗೆ ತಲೆ ತಿರುಗಿತು. ಯಾರೋ ಒಂದು ಜಾಲಿಯ ಟೊಂಗೆಯ ಚಿತ್ರ ಹಾಕಿದ್ದರು. ಬರೀ ಟೊಂಗೆ. ಕೆಳಗೆ ಹೊಗಳಿಕೆಯ ಸುರಿಮಳೆ. ‘ವಾಹ್, ಬಾಲ ಎಷ್ಟ್ ಚಂದ ಬಂದದ’, ‘ಕೊಕ್ಕಿನ್ ಬಣ್ಣ ನೋಡ್ರಿ’, ‘ಕಣ್ಣಾಗ ಕಣ್ಣಿಟ್ಟು ನೋಡಾಕತ್ತದ’. ನಾನು ಫೋನನ್ನು ಹತ್ತಿರ ಹಿಡಿದೆ, ದೂರ ಹಿಡಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಶರಣಮ್ಮನನ್ನು ಕರೆದೆ.

“ಇದರಾಗ ಹಕ್ಕಿ ಎಲ್ಲದ ನೋಡು.”

“ಹಕ್ಕಿ ಎಲ್ಲೈತ್ರಿ? ಬರೇ ಮುಳ್ಳು.”

“ಎಲ್ಲಾರಿಗೂ ಕಾಣಾಕತ್ತದ. ನಮಗಿಬ್ಬರಿಗೇ ಇಲ್ಲ.”

ಯಾದಗಿರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಖಾಲಿ ಟೊಂಗೆಯನ್ನು ಹೊಗಳುವುದು ಗುಂಪಿನ ಪದ್ಧತಿ ಎಂದು ಬಹಳ ದಿನದ ಮೇಲೆ ತಿಳಿಯಿತು. ಹಕ್ಕಿ ಹಾರಿಹೋದ ಮೇಲೆ ಚಿತ್ರ ಬಿದ್ದರೆ ತೆಗೆದವನು ಆ ಖಾಲಿ ಟೊಂಗೆಯನ್ನೇ ಹಾಕಬೇಕು, ಉಳಿದವರು ಅದರಲ್ಲಿ ಹಕ್ಕಿ ಇದೆ ಎಂದೇ ಹೊಗಳಬೇಕು. ಅಷ್ಟರಲ್ಲಿ ನಾನು ಮೂರು ಖಾಲಿ ಟೊಂಗೆಗೆ ‘ಅತ್ಯುತ್ತಮ’ ಎಂದು ಬರೆದಿದ್ದೆ, ಹೆದರಿಕೊಂಡು. ನನಗೆ ಕಾಣುವುದಿಲ್ಲ ಎಂದು ಗೊತ್ತಾದರೆ ಗುಂಪಿನಿಂದ ತೆಗೆದಾರು ಎಂಬ ಭಯ.

ಇದಕ್ಕಿಂತ ದೊಡ್ಡ ಗೊಂದಲ ಮುತ್ಯಾನದು.

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತೇವೆ. ಗುಂಪಿನಲ್ಲಿ ಬೆಳಗಾದರೆ ಸಾಕು, ಯಾರಾದರೊಬ್ಬರು ಕೇಳುತ್ತಿದ್ದರು: ‘ಮುತ್ಯಾ ಹ್ಯಾಂಗದಾನ?’ ದೇವಾಪುರದಿಂದ ಭೀಮರಾಯ ಮಾಸ್ತರು ಉತ್ತರ ಹಾಕುತ್ತಿದ್ದರು: ‘ಕುಂತಾನ. ಅದ ಜಾಗಾ, ಅದ ಮಾರಿ.’ ಯಾರೋ ಪಾಪ ಮಾಸ್ತರರ ಮನೆಯ ಹಿರಿಯರು, ಗುಂಪಿನವರಿಗೆಲ್ಲ ಅಕ್ಕರೆ ಎಂದುಕೊಂಡು ನಾನೂ ಎರಡು ದಿನ ಕೈಮುಗಿದ ಚಿತ್ರ ಹಾಕಿದೆ. ಮೂರನೆಯ ದಿನ ಬಂದದ್ದು: ‘ಇವತ್ತ ಮುತ್ಯಾ ಮೊಣಕಾಲ ಮಟ ನೀರಾಗ ಅದಾನ.’ ಅದಕ್ಕೆ ಹತ್ತು ಮಂದಿ ನಗುವ ಮುಖ ಹಾಕಿದ್ದರು. ಮರುದಿನ: ‘ತಲಿ ಮ್ಯಾಲೆ ಕುಂತು ಹೇಸಿಗಿ ಮಾಡಿ ಹೋತು. ಪಾಪ, ಒರಿಸ್ಕೊಳ್ಳಾಕೂ ಬರಂಗಿಲ್ಲ ಮುತ್ಯಾಗ.’

ತಲೆಯ ಮೇಲೆ ಹತ್ತಿ ಕೂತದ್ದು ಮೊಮ್ಮಗುವೇ ಇರಬೇಕು ಅಂದುಕೊಂಡೆ. ಆದರೂ ಮನಸ್ಸಿಗೆ ಕಸಿವಿಸಿ. ಮುದುಕನನ್ನು ನೀರಿನಲ್ಲಿ ಕೂಡಿಸಿ ನಗುವ ಮಂದಿ ಎಂಥವರು? ಕಚೇರಿಯ ಅಭ್ಯಾಸ ಹೋಗಬೇಕಲ್ಲ, ನೇರವಾಗಿ ಕೇಳಿದೆ: ‘ಸದರಿ ಮುತ್ಯಾ ಯಾರು? ವಯಸ್ಸೆಷ್ಟು? ವಾರಸುದಾರರು ಯಾರು?’

ಮಹಿಬೂಬನ ಉತ್ತರ ಬಂತು. ‘ವಯಸ್ಸು ಯಾರಿಗೂ ಗೊತ್ತಿಲ್ರಿ ಸರ. ವಾರಸುದಾರ್ರು ಯಾರೂ ಇಲ್ಲ. ದೇವಾಪುರದ ಮರಿಕಾಲುವಿ ಒಳಗ ಕುಂತಿರ್ತಾನ. ನಾವ ನೋಡಕೋತೀವಿ.’

‘ಊಟ?’

‘ಏನೂ ಉಣ್ಣಂಗಿಲ್ರಿ. ಬರೇ ನೀರು.’

‘ಮಾತಾಡುತ್ತಾನೆಯೇ?’

‘ನಾವು ಕಂಡಂಗ ಒಂದ ಮಾತೂ ಆಡಿಲ್ರಿ.’

‘ದವಾಖಾನೆಗೆ ಯಾಕೆ ಒಯ್ದಿಲ್ಲ?’

‘ಎತ್ತಾಕ ಬರಂಗಿಲ್ರಿ, ಭಾಳ ವಜ್ಜಿ ಅದಾನ. ಕಾಲೂ ಮಣ್ಣಾಗ ಹುಗದಾವ.’

ಈಗ ತಿರುಗಿ ಓದಿದರೆ ಅವರು ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅದೇ ನನಗೆ ಹೆಚ್ಚು ಉರಿಯುವುದು.

ಇಲ್ಲಿ ನನ್ನ ಸ್ವಂತ ಮುತ್ಯಾನ ಮಾತು ಹೇಳದಿದ್ದರೆ ನಾನು ಇಷ್ಟು ಹಚ್ಚಿಕೊಂಡದ್ದು ಯಾಕೆಂದು ನಿಮಗೆ ತಿಳಿಯುವುದಿಲ್ಲ. ನಮ್ಮ ಹೊಲದ ಪಕ್ಕದ ಕಾಲುವೆಗೆ ಮೊದಲ ಸಲ ನೀರು ಬಂದಾಗ ನನಗೆ ಮೀಸೆ ಮೂಡುವ ವಯಸ್ಸು. ಊರಿಗೆ ಊರೇ ದಂಡೆಯ ಮೇಲೆ ನಿಂತಿತ್ತು. ಹೆಂಗಸರು ಅರಿಶಿನ ಕುಂಕುಮ ಎರಚಿದರು. ಒಣ ಎಲೆ, ಮೇಕೆಯ ಹಿಕ್ಕೆ, ಯಾರದೋ ಹರಿದ ಚಪ್ಪಲಿ, ಎಲ್ಲವನ್ನೂ ಮುಂದೆ ತಳ್ಳಿಕೊಂಡು ಕೆಂಪು ನೀರು ನಿಧಾನವಾಗಿ ಬಂತು. ನಮ್ಮ ಮುತ್ಯಾ ಹುಟ್ಟಿದಾಗಿನಿಂದ ನೀರನ್ನು ಬಾವಿಯೊಳಗೆ ಬಗ್ಗಿ ನೋಡಿದವನು. ಅದು ತಾನಾಗಿ ನಡೆದುಕೊಂಡು ಬಂದದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. “ಇದಕ್ಕ ದಾರಿ ಹೇಳಿದಾವ್ರು ಯಾರು?” ಎಂದು ಕೇಳಿದ.  ಕೋಲು ತೆಗೆದುಕೊಂಡು ನೀರು ಬರುವ ದಿಕ್ಕಿಗೆ ದಂಡೆ ಹಿಡಿದು ಹೊರಟುಬಿಟ್ಟ. ಮೂರು ದಿನ ಪತ್ತೆಯಿಲ್ಲ. ಮನೆಯಲ್ಲಿ ಅಳು. ನಾಲ್ಕನೆಯ ದಿನ ಯಾರೋ ಟ್ರ್ಯಾಕ್ಟರಿನಲ್ಲಿ ತಂದು ಇಳಿಸಿದರು. ಎಲ್ಲಿಂದ ಬರುತ್ತದೆ ನೀರು ಎಂದು ಕೇಳಿದ್ದಕ್ಕೆ, “ಇನ್ನೂ ಹಿಂದಿಂದ ಬರಾಕತ್ತದ” ಅಂದ, ಅಷ್ಟೇ. ಆ ಮೂರು ದಿನ ಅವನಿಗೆ ಯಾರು ಅನ್ನ ಹಾಕಿದರು, ಯಾರು ಹೊದಿಕೆ ಕೊಟ್ಟರು, ನಮಗೆ ಗೊತ್ತೇ ಆಗಲಿಲ್ಲ. ಹಾಗಾಗಿ ಕಾಲುವೆಯಲ್ಲಿ ಒಬ್ಬ ಮುತ್ಯಾ ಉಪವಾಸ ಕುಳಿತಿದ್ದಾನೆ ಎಂದರೆ ನನ್ನಿಂದ ಸುಮ್ಮನಿರಲು ಆಗಲಿಲ್ಲ.

ಶರಣಮ್ಮನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು, “ಹಲ್ಲದಾವೇನ್ರಿ ಅವ್ರಿಗೆ?” ಎಂದು ಕೇಳಿದಳು.

“ಗೊತ್ತಿಲ್ಲ. ಮಾತಾಡಂಗಿಲ್ಲಂತ.”

“ಕರಕೊಂಡು ಬರ್ರಿ. ನಡಮನ್ಯಾಗ ಮಲಗ್ಲಿ. ನಾವಿಬ್ಬರ ಏನ ಮಾಡೋದದ ಇಷ್ಟು ದೊಡ್ಡ ಮನ್ಯಾಗ.”

ನಡುಮನೆಯ ಜೋಳದ ಚೀಲ ಸರಿಸಿದಳು, ಹೊರಸು ಮಂಚಕ್ಕೆ ಬಿಸಿಲು ತೋರಿಸಿದಳು, ಹಾಸಿಗೆ ಹಾಸಿದಳು. ಮುದುಕರಿಗೆ ಏಳಲು ಆಸರೆ ಬೇಕೆಂದು ಗೋಡೆಗೊಂದು ಹಗ್ಗವನ್ನೂ ಕಟ್ಟಿಸಿದಳು. ಹೇಗೆ ಕರೆತರುವುದು, ಪೊಲೀಸರಿಗೆ ಹೇಳಬೇಕೋ ಬೇಡವೋ ಎಂದು ನಾನು ಇನ್ನೂ ಲೆಕ್ಕ ಹಾಕುತ್ತಿದ್ದೆ. ಹೀಗೇ ದಿನ ಹೋಗಿ, ಮುತ್ಯಾನ ಸುದ್ದಿ ಮೊದಲು ಕೇಳಿದ ಹನ್ನೊಂದನೆಯ ದಿನದ ಬೆಳಿಗ್ಗೆ ಗುಂಪಿನಲ್ಲಿ ಮಾಸ್ತರರ ಸಂದೇಶ: ‘ಇವತ್ತ ಹತ್ತಕ್ಕ ನೀರು ಬಿಡ್ತಾರಂತ. ಮುತ್ಯಾ ಕುತಿಗಿ ಮಟ ಮುಳಗತಾನ. ಬರೋರು ಜಲ್ದಿ ಬರ್ರಿ, ಫೋಟೋ ಚಲೋ ಬರ್ತದ.’

ಗಡಿಯಾರ ನೋಡಿದೆ. ಗೇಟು ಎತ್ತಿದ ಮೇಲೆ ನೀರು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಗೇಟು ನೋಡಿಕೊಳ್ಳುತ್ತಿದ್ದವನು ನನ್ನ ಜೊತೆ ವರ್ಷಗಟ್ಟಲೆ ದುಡಿದ ಹಣಮಂತ. ಫೋನು ಮಾಡಿದೆ.

“ಹಣಮಂತಾ, ಗೇಟ್ ಎತ್ತಬ್ಯಾಡ. ಒಳಗ ಮನುಷ್ಯ ಅದಾನ.”

“ಯಪ್ಪಾ! ಯಾರ್ರಿ ಸರ?”

“ಒಬ್ಬ ಮುತ್ಯಾ. ಕಾಲು ಕೆಸರಾಗ ಸಿಕ್ಕಾವ. ನಾ ಹೊಂಟೀನಿ, ಒಂದು ತಾಸು ತಡಿ.”

“ಒಂದು ತಾಸ್ಯಾಕ್ರಿ, ನೀವು ಹೂಂ ಅನ್ನೋತನ ಮುಟ್ಟಂಗಿಲ್ಲ.”

ಶರಣಮ್ಮ ಮೆತ್ತನೆಯ ರೊಟ್ಟಿ, ಹೆಸರುಬೇಳೆ ಪಲ್ಯ, ಮೊಸರನ್ನ ಕಟ್ಟಿಕೊಟ್ಟಳು. ನಾನು ಹಳೇ ಕಂಬಳಿ ಎತ್ತಿಕೊಂಡರೆ, “ಚುಚ್ಚತದ್ರಿ ಅದು, ನೆನದ ಮೈಗೆ” ಎಂದು ಪೆಟ್ಟಿಗೆಯ ಬೀಗ ತೆಗೆದು ತಾಯಿಯ ಕೌದಿಯನ್ನು ಕೊಟ್ಟಳು. ನಮ್ಮ ಮಗಳ ಬಾಣಂತನಕ್ಕೂ ಹೊರಗೆ ಬರದ ಕೌದಿ ಅದು.

ಸುರಪುರದ ಬಸ್ಸಿನಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದೇವಾಪುರದ ಹತ್ತಿರ ಇಳಿದು ದಂಡೆಯ ಮೇಲೆ ಓಡಿದೆ. ಅರವತ್ತು ದಾಟಿದವನ ಓಟ ಎಂದರೆ ನೋಡುವವರಿಗೆ ನಡಿಗೆಯೇ. ಆ ಮರಿಕಾಲುವೆಗೆ ಇನ್ನೂ ಸಿಮೆಂಟು ಬಿದ್ದಿರಲಿಲ್ಲ, ಮಣ್ಣಿನದು. ಮೇಲೆ ಇಬ್ಬರು ಕ್ಯಾಮೆರಾ ಹಿಡಿದು ಹೊಟ್ಟೆಯ ಮೇಲೆ ಮಲಗಿದ್ದರು. ಒಬ್ಬ ತೆಳ್ಳಗೆ, ಕೊರಳಲ್ಲಿ ಅಳತೆಯ ಟೇಪು. ಅವನೇ ಮಹಿಬೂಬ. ಇನ್ನೊಬ್ಬರು ಮಾಸ್ತರೇ ಇರಬೇಕು.

“ಮುತ್ಯಾ ಎಲ್ಲಿ?” ಎಂದು ಕೂಗಿದೆ.

ಮಹಿಬೂಬ ಬಾಯಿಯ ಮೇಲೆ ಬೆರಳಿಟ್ಟು ಕಾಲುವೆಯೊಳಗೆ ಕೈ ತೋರಿಸಿದ. ಕೆಸರಿನ ನಡುವೆ ಒಂದು ಜಾಲಿಮರದ ಮೋಟು. ಬೆನ್ನು ಬಗ್ಗಿಸಿ ಕುಕ್ಕರುಗಾಲಿನಲ್ಲಿ ಕುಳಿತವನ ಆಕಾರ, ಅದು ನಿಜ. ಅದರ ನೆತ್ತಿಯ ಮೇಲೆ ಮಿಂಚುಳ್ಳಿ ಕೂತಿತ್ತು. ನಾನು ಮೋಟಿನ ಆಚೆ ನೋಡಿದೆ. ಈಚೆ ನೋಡಿದೆ. ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಇಳಿದು ಅದರ ಹಿಂದೆಯೂ ಬಗ್ಗಿ ನೋಡಿದೆ.

“ಹಿಂದ ಕುಂತಾನೇನು?” ಎಂದು ಕೇಳಿದೆ. ಈ ಪ್ರಶ್ನೆಯನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಾಸ್ತರು ನನ್ನ ಕೌದಿಯನ್ನು ನೋಡಿದರು, ಬುತ್ತಿಯನ್ನು ನೋಡಿದರು. “ಸಾಹೇಬ್ರ... ಅದ ಮುತ್ಯಾ” ಎಂದರು ಸಣ್ಣ ದನಿಯಲ್ಲಿ. ಮಹಿಬೂಬ ನಗು ತಡೆಯಲಾರದೆ ಟೇಪನ್ನು ಬಾಯಿಗೆ ತುರುಕಿಕೊಂಡ. ಮೂರು ವರ್ಷದ ಹಿಂದೆ ಅವನು ತೆಗೆದ ಚಿತ್ರದಲ್ಲಿ ಈ ಮೋಟನ್ನು ಕಂಡ ಯಾರೋ, ಅಲ್ಲಿ ಕುಂತ ಮುತ್ಯಾ ಯಾರು ಎಂದು ಕೇಳಿದ್ದರಂತೆ. ಅಂದಿನಿಂದ ಅದು ಮುತ್ಯಾ. ಹೊಸಬರು ಬಂದರೆ ತಾವಾಗಿ ತಿಳಿದುಕೊಳ್ಳುವ ತನಕ ಹೇಳಬಾರದು ಎಂಬುದು ಗುಂಪಿನ ನೇಮ. “ಎಲ್ಲಾರೂ ಎರಡ ದಿನಕ್ಕ ತಿಳಕೋತಾರ್ರಿ ಸರ” ಎಂದ ಮಹಿಬೂಬ, “ಬುತ್ತಿ ಕಟಗೊಂಡು ಬಂದಾವ್ರು ನೀವ ಮೊದಲಿಗರು.”

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹಣಮಂತ.

“ಸರ, ಮುತ್ಯಾ ಹೊರಗ ಬಂದ್ನೇನ್ರಿ? ಕೆಳಗಿನ ರೈತರು ಬಂದು ಬಾಯಿ ಮಾಡಾಕತ್ತಾರ. ನಾ ಅಂದೀನಿ, ಜೀವದ ಮುಂದ ನೀರೇನು ಅಂತ. ಅವ್ರೂ ಸುಮ್ಮ ಕುಂತಾರ ಪಾಪ.”

 ಒಂದು ಮೋಟಿನ ಸಲುವಾಗಿ ಕಾಲುವೆಯನ್ನು ನಿಲ್ಲಿಸಿದ ಮಾಜಿ ಗುಮಾಸ್ತ ನಾನು. “ಬಂದ” ಎಂದೆ. “ಆರಾಮದಾನ. ಎತ್ತು ಗೇಟು.”

“ದೇವ್ರ ದೊಡ್ಡಾವ್ರಿ ಸರ” ಎಂದು ಹಣಮಂತ ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಫೋನಿನ ದನಿ ದೊಡ್ಡದು, ಅದನ್ನು ಕೇಳಿ ಮಹಿಬೂಬನ ನಗುವೂ ನಿಂತಿತು.

ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಕೆಸರಿಗಿಳಿದು, ಕೈಯಲ್ಲಿದ್ದ ಕೌದಿಯನ್ನು ಆ ಮೋಟಿನ ಹೆಗಲಿಗೆ ಹೊದಿಸಿದೆ. “ತಗೋ, ನಿನಗಂತ ತಂದದ್ದು” ಎಂದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಹಾರಿಹೋಗಿದ್ದ ಮಿಂಚುಳ್ಳಿ ತಿರುಗಿ ಬಂದು ಕೌದಿಯ ಮೇಲೆಯೇ ಕೂತು, ನಿಮಗೆ ಆಗಲೇ ಹೇಳಿದ ಆ ಕೆಲಸ ಮಾಡಿತು. ಕ್ಯಾಮೆರಾಗಳು ಕಟಕಟ ಎಂದವು. ಬುತ್ತಿಯನ್ನು ದಂಡೆಯ ಮೇಲೆಯೇ ಬಿಟ್ಟು, ಕೌದಿಯನ್ನೂ ಮರೆತು, ಬಸ್ಸು ಹತ್ತಿದೆ. ಬಸ್ಸಿನಲ್ಲೇ ಗುಂಪಿನಿಂದ ಹೊರಗೆ ಬಂದೆ.

ಮನೆಯಲ್ಲಿ ಶರಣಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಬೀದಿಯನ್ನು ನೋಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ನಗುತ್ತಾಳೆ, ಇಲ್ಲವೇ ಕೌದಿಯ ಸಲುವಾಗಿ ಜಗಳ ತೆಗೆಯುತ್ತಾಳೆ ಎಂದು ಕಾದೆ.

“ಹಂಗಾದ್ರ ಮುತ್ಯಾ ಇಲ್ಲೇ ಇಲ್ಲೇನ್ರಿ?” ಎಂದಳು.

“ಇಲ್ಲ.”

“ಉಪಾಸ ಇದ್ದಿಲ್ಲ ಹಂಗಾದ್ರ. ಚಲೋ ಆತು ಬಿಡ್ರಿ” ಎಂದವಳೇ ನಡುಮನೆಗೆ ಹೋಗಿ ಹಾಸಿಗೆ ಸುತ್ತಿಟ್ಟಳು. ಹಗ್ಗವನ್ನು ಮಾತ್ರ ಬಿಚ್ಚಲಿಲ್ಲ. ನನಗೆ ಮಹಿಬೂಬನ ಮೇಲೆ ಬಂದ ಸಿಟ್ಟು ಆಗ ಎರಡರಷ್ಟಾಯಿತು.

ಒಂದು ವಾರ ಬಿಟ್ಟು ಮಹಿಬೂಬನೇ ಬಂದ. ಕೌದಿಯನ್ನು ತೊಳೆದು, ಹರಿದ ಅಂಚಿಗೆ ಹೊಲಿಗೆ ಹಾಕಿ ತಂದಿದ್ದ. ಶರಣಮ್ಮ ಅದನ್ನು ಬಿಡಿಸಿ ಬಿಳಿ ಕಲೆಯ ಮೇಲೆ ಕೈಯಾಡಿಸಿದಳು. ಅವನು ನೆಲ ನೋಡುತ್ತ ನಿಂತ. “ಹೋಗಲಿಲ್ರಿ ಅಮ್ಮಾ. ನಮ್ಮ ಮನ್ಯಾಕಿನೂ ತಿಕ್ಕಿ ತಿಕ್ಕಿ ಸಾಕಾದ್ಲು.” ಆಮೇಲೆ ನನ್ನ ಕಡೆ ತಿರುಗಿ, “ಮೂರು ವರ್ಷ ಮುತ್ಯಾ ಮುತ್ಯಾ ಅಂದ್ವಿ ಸರ. ಒಬ್ಬರಾರ ಅಂವಗ ಒಂದು ಹೊದಿಕಿ ಒಯ್ದೀವೇನು? ಗುಂಪಿನಾಗ ನೀವಿಲ್ಲಂದ್ರ ಬರೋಬರಿ ಆಗವಲ್ದು. ಬರ್ರಿ ಸರ” ಎಂದ. ಇದು ಕ್ಷಮೆಯೋ, ಮತ್ತೊಂದು ಚೇಷ್ಟೆಯೋ? ಕಣ್ಣು ನೋಡಿದರೆ ಒದ್ದೆ. ಆದರೆ ಅಂದು ದಂಡೆಯ ಮೇಲೆ ನಕ್ಕಾಗಲೂ ಒದ್ದೆಯೇ ಆಗಿತ್ತಲ್ಲ. ಶರಣಮ್ಮ ಚಹಾ ತಂದಿಟ್ಟು, “ಹೋಗ್ರಿ ಅತ್ಲಾಗ. ನನಗ ಒಲಿ ಹಚ್ಚಾಕ ಬಿಡ್ರಿ” ಎಂದಳು. ಗುಂಪಿಗೆ ತಿರುಗಿ ಸೇರಿದೆ.

ಮುಂದಿನ ಬೇಸಿಗೆಯಲ್ಲಿ ಮರಿಕಾಲುವೆಗೆ ಸಿಮೆಂಟು ಹಾಕಲು ಯಂತ್ರ ಬಂತು. ಮೋಟನ್ನು ಕಿತ್ತು ಎಲ್ಲಿಗೋ ಒಯ್ದರು. ಮಾಸ್ತರು ಹೋಗುವಷ್ಟರಲ್ಲಿ ಗುಂಡಿಯಷ್ಟೇ ಉಳಿದಿತ್ತಂತೆ. ಅದರ ಚಿತ್ರ ಹಾಕಿದರು.  ಮೂರನೆಯ ದಿನ ಎಲ್ಲರೂ ಬೇರೆ ಹಕ್ಕಿಗೆ ಹೋದರು. ನನಗೆ ಮಾತ್ರ ಊಟ ಸೇರಲಿಲ್ಲ. ಮೋಟಿಗಾಗಿ ಯಾರಾದರೂ ಅಳುತ್ತಾರೆಯೇ? ಆದರೆ ಅವರಿಗೆಲ್ಲ ಅದು ಮೊದಲಿನಿಂದಲೂ ಮೋಟು. ನನಗೂ ಶರಣಮ್ಮನಿಗೂ ಅದು ಹನ್ನೊಂದು ದಿನ ಮನುಷ್ಯನಾಗಿತ್ತು. ಹಣಮಂತನಿಗೆ ಇಂದಿಗೂ ಮನುಷ್ಯನೇ. ಸಿಕ್ಕಾಗಲೆಲ್ಲ ಕೇಳುತ್ತಾನೆ, ಆ ಮುತ್ಯಾ ಹ್ಯಾಂಗದಾನ್ರಿ ಸರ ಎಂದು. ಆರಾಮದಾನ ಎನ್ನುತ್ತೇನೆ.

ಆಮೇಲೆ ನನ್ನ ಕಣ್ಣಿನ ಆಪರೇಷನ್ ಆಯಿತು. ಈ ಸಲದ ಚಳಿಯಲ್ಲಿ ಒಂದು ಮುಂಜಾನೆ ದೇವಾಪುರಕ್ಕೆ ಹೋಗಿ, ಮೋಟಿದ್ದ ಜಾಗದ ನೇರಕ್ಕೆ ದಂಡೆಯ ಮೇಲೆ ಕೂತೆ. ಕೌದಿ ಒಯ್ದಿದ್ದೆ. ಹೇಗೂ ಕೆಟ್ಟಿದೆ, ನೀವೇ ಹೊದ್ದುಕೊಳ್ಳಿ ಎಂದು ಶರಣಮ್ಮ ನನಗೇ ಕೊಟ್ಟುಬಿಟ್ಟಿದ್ದಳು. ತಲೆಯ ಮೇಲಿಂದ ಹೊದ್ದು, ಕುಕ್ಕರುಗಾಲಿನಲ್ಲಿ, ಮಿಂಚುಳ್ಳಿ ಬರುತ್ತದೇನೋ ಎಂದು ಕದಲದೆ ಕೂತಿದ್ದೆ. ಬರಲಿಲ್ಲ. ಮನೆಗೆ ಬಂದು ಗುಂಪು ತೆಗೆದು ನೋಡಿದರೆ, ನನ್ನ ಬೆನ್ನಿನ ಚಿತ್ರ. ಮಾಸ್ತರು ಯಾವಾಗ ತೆಗೆದರೋ! ಕೆಳಗೆ ಬರೆದಿದ್ದರು: ‘ಮುತ್ಯಾ ಕುಂತಾನ.’

ಅರವತ್ತು ಮಂದಿಯಿಂದಲೂ ಕೈಮುಗಿದ ಚಿತ್ರ. ನಗುವ ಮುಖ ಒಂದೂ ಇಲ್ಲ. ನನ್ನನ್ನು ಏರಿಸಿದರೋ ಇಳಿಸಿದರೋ, ನಾನಿನ್ನೂ ತೂಗಿ ನೋಡುತ್ತಿದ್ದೆ. ಅಷ್ಟರಲ್ಲಿ, ಹಿಂದಿನ ದಿನವಷ್ಟೇ ಗುಂಪಿಗೆ ಸೇರಿದ್ದ ಯಾದಗಿರಿ ದವಾಖಾನೆಯ ನರ್ಸ್ ಒಬ್ಬಳ ಸಂದೇಶ ಬಂತು.

‘ಯಾರ್ರೀ ಈ ಮುತ್ಯಾ? ಇಂಥಾ ಥಂಡ್ಯಾಗ ಕಾಲುವಿ ದಂಡಿಗೆ ಕುಂದ್ರಿಸಿ ಫೋಟೋ ತೆಗಿಯಾಕತ್ತೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ ನಿಮಗ? ಮನ್ಯಾಗ ಯಾರೂ ಇಲ್ಲೇನು ಅವ್ರಿಗೆ? ನಾಳೆ ನನಗ ಸೂಟಿ ಅದ, ನಾನ ಬರ್ತೀನಿ.’

ಗುಂಪು ಗಪ್‌ಚುಪ್.  ನೇಮ ಇದೆಯಲ್ಲ, ಹೇಳಬಾರದು ಎಂದು. ನಾನು ‘ಅಮ್ಮಾ, ಅದು ನಾನೇ’ ಎಂದು ಬರೆದೆ, ಅಳಿಸಿದೆ. ‘ವಾರಸುದಾರರು ಇಲ್ಲ’ ಎಂದು ಬರೆದೆ. ನಡುಮನೆಯ ಗೋಡೆಯ ಹಗ್ಗ ಕಣ್ಣಿಗೆ ಬಿತ್ತು, ಅದನ್ನೂ ಅಳಿಸಿದೆ. ಶರಣಮ್ಮ ಹೆಗಲ ಮೇಲಿಂದ ಬಗ್ಗಿ ಓದಿದಳು. “ಆಕಿ ನಮ್ಮಂಗ ಅದಾಳ್ರಿ. ಬರಿಗೈಲೆ ತಿರುಗಿ ಕಳಸಬ್ಯಾಡ್ರಿ” ಎಂದಳು.

ನಾನು ಬರೆದೆ: ‘ಬರ್ರಿ ಅವ್ವಾ, ಮುತ್ಯಾ ಕುಂತಿರ್ತಾನ. ಮನ್ಯಾಗ ಊಟಕ್ಕ ನಿಮ್ಮ ದಾರಿ ನೋಡ್ತಾರ. ಹೊದಿಕಿ ತರಬ್ಯಾಡ್ರಿ, ಅದ.’